ಸಂಬಳಕ್ಕೆ ಕತ್ತರಿ, ಅದೂ ಯಜಮಾನರದ್ದೇ!

ವ್ಯಾಪಾರ ಬಿದ್ದರೆ ಯಜಮಾನರು ಮೊದಲು ಎಣಿಸುವುದು ಆಳುಗಳ ತಲೆ. ಜಪಾನಿನ ಸಟೋರು ಇವಾಟಾ ಕೈ ಹಾಕಿದ್ದು ಸ್ವಂತ ಜೇಬಿಗೆ! ನಿಂಟೆಂಡೊ ಕಂಪನಿಯ ‘ವೀ ಯು’ ಎಂಬ ವಿಡಿಯೊ ಗೇಮ್ ಯಂತ್ರ ಖರ್ಚಾಗದೆ ಮಕಾಡೆ ಮಲಗಿದಾಗ, 2014ರಲ್ಲಿ, ಅಧ್ಯಕ್ಷ ಇವಾಟಾ ಐದು ತಿಂಗಳು ಅರ್ಧ ಸಂಬಳಕ್ಕೆ ದುಡಿದರು. ಅಧ್ಯಕ್ಷರ ಅರ್ಧವೆಂದರೂ ಕಮ್ಮಿಯೇನಲ್ಲ ಬಿಡಿ. ಆದರೆ ಅವರ ವಾದ ಕೇಳಬೇಕಾದ್ದು: ನೌಕರರನ್ನು ಕಿತ್ತರೆ ಈ ವರ್ಷದ ಲೆಕ್ಕ ಸರಿಹೋದೀತು, ನಾಳೆ ಕೆಲಸ ಇರುತ್ತೋ ಇಲ್ಲವೋ ಅಂತ ನಡುಗುವವನು ಜನ ಮೆಚ್ಚುವ ಆಟ ಮಾಡಿಯಾನೆ?

ಈ ಮಾತು ಬರೇ ಕುರ್ಚಿ ಬಿಸಿ ಮಾಡಿದವರ ಬಾಯಲ್ಲಿ ಬರುವಂಥದ್ದಲ್ಲ. 1959ರಲ್ಲಿ ಸಪ್ಪೊರೊದಲ್ಲಿ ಹುಟ್ಟಿದ ಇವಾಟಾ, ಹೈಸ್ಕೂಲಿನಲ್ಲೇ ಕ್ಯಾಲ್ಕುಲೇಟರಿಗೆ ಪ್ರೋಗ್ರಾಂ ಬರೆದು ಸಹಪಾಠಿಗೆ ಆಟ ಆಡಿಸಿದವರು. ‘ಬಲೂನ್ ಫೈಟ್’ ಅವರ ಕೈಕೆಲಸ. ‘ಮದರ್ 2’ ಎಂಬ ಆಟ ನಡುದಾರಿಯಲ್ಲಿ ಕೆಟ್ಟು ನಿಂತಾಗ ಕರೆಸಿದ್ದೂ ಇವರನ್ನೇ. “ತೇಪೆ ಹಾಕಿದರೆ ಎರಡು ವರ್ಷ, ಹೊಸದಾಗಿ ಬರೆದರೆ ಆರೇ ತಿಂಗಳು” ಎಂಬರ್ಥದ ಮಾತು ಹೇಳಿ ಬರೆಯಲು ಕೂತರು. ದರ್ಜಿಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು!

ದುಡಿಯುತ್ತಿದ್ದ ಹಾಲ್ ಲ್ಯಾಬೊರೇಟರಿ ಸಾಲದಲ್ಲಿ ಮುಳುಗಿದಾಗ, 1993ರಲ್ಲಿ, ಅದರ ಯಜಮಾನಿಕೆ ತಲೆಗೆ ಬಿತ್ತು. ಒಬ್ಬೊಬ್ಬ ನೌಕರನನ್ನೂ ಎದುರಿಗೆ ಕೂರಿಸಿಕೊಂಡು ಕಷ್ಟಸುಖ ಕೇಳಿದರು. ಸಾಲವೂ ತೀರಿತು. 2002ರಲ್ಲಿ ನಿಂಟೆಂಡೊ ಅಧ್ಯಕ್ಷಗಿರಿ.

ಅದೇ ಕಂಪನಿ 2017ರಲ್ಲಿ ತಂದ ‘ಸ್ವಿಚ್’ ಯಂತ್ರ 15 ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅದನ್ನು ಕಾಣಲು ಇವಾಟಾ ಇರಲಿಲ್ಲ. 2015ರ ಜುಲೈ 11ರಂದು, 55ನೇ ವಯಸ್ಸಿಗೇ, ಕ್ಯಾನ್ಸರ್ ಕೊಂಡೊಯ್ದಿತ್ತು.