ಗಾಯಗೊಂಡ ಆರೋಪಿ: ಮೊದಲು ವೈದ್ಯನೋ, ಬೇಡಿಯೋ?

ಸೆರೆಸಿಕ್ಕ ಆರೋಪಿಯು ಗಾಯಗೊಂಡಿದ್ದರೆ ಪೋಲೀಸರ ಮೊದಲ ಕರ್ತವ್ಯವೇನು? ಪುಂಡನ ಗಾಯಕ್ಕೆ ಮರುಗುವುದು ಪುಂಡತನಕ್ಕೆ ನೀರೆರೆದಂತೆ ಎಂದು ಕೆಲವು ಸಜ್ಜನರೂ ನುಡಿಯುವರು. ಈ ಮಾತನ್ನು ನಾವು ಒಪ್ಪಲಾರೆವು.

ಪೋಲೀಸರ ಕೆಲಸವು ಅಪಾಯದ್ದೆಂಬುದು ನಿಜ. ಅವರಿಗೆ ಬಲವು ಬೇಕು. ಕಾನೂನು ಅದನ್ನು ಕೊಟ್ಟೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಕೆಲವು ಘೋರ ಅಪರಾಧಗಳಲ್ಲಿ ಕೈಕೋಳಕ್ಕೆ ಅನುಮತಿಯಿತ್ತಿದೆ. ಆದರೆ ಬಂಧಿಯು ತಪ್ಪಿಸಿಕೊಳ್ಳದಿರಲು ಬೇಕಾದುದಕ್ಕಿಂತ ಹೆಚ್ಚಿನ ನಿರ್ಬಂಧವು ಕೂಡದೆಂದು ಅದೇ ಸಂಹಿತೆಯ 46ನೆಯ ಕಲಮು ವಿಧಿಸುತ್ತದೆ. ಅವನ ಆರೋಗ್ಯದ ಹೊಣೆಯನ್ನು 56ನೆಯ ಕಲಮು ವಶದಲ್ಲಿರಿಸಿಕೊಂಡವರ ಮೇಲೆಯೇ ಹೊರಿಸುತ್ತದೆ. ಕಾಲು ಮುರಿದು ಬಿದ್ದವನು ಎಲ್ಲಿಗೆ ಓಡಿಯಾನು?

ಗಾಯಾಳುವು ನಿರಪರಾಧಿಯಾಗಲಿ ಅಪರಾಧಿಯಾಗಲಿ, ಜೀವವುಳಿಸುವುದೇ ವೈದ್ಯನ ಧರ್ಮವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸಾರಿತು. 1996ರ ಡಿ. ಕೆ. ಬಸು ತೀರ್ಪಿನಂತೆ, ಬಂಧಿಯು ಕೇಳಿದಲ್ಲಿ ಬಂಧನಕಾಲದ ಗಾಯಗಳನ್ನು ಬರೆದಿಡತಕ್ಕದ್ದು. ವಶದಲ್ಲಿರುವಷ್ಟು ಕಾಲ 48 ಗಂಟೆಗಳಿಗೊಮ್ಮೆ ವೈದ್ಯಪರೀಕ್ಷೆ ನಡೆಯತಕ್ಕದ್ದು. ಈ ಬರಹವು ಬಂಧಿಯನ್ನು ಮಾತ್ರವೇ ಕಾಯುವುದಿಲ್ಲ. ಹಳೆಯ ಗಾಯವನ್ನು ತನ್ನ ಮೇಲೆ ಹೊರಿಸಿದಾಗ ಪ್ರಾಮಾಣಿಕ ಪೋಲೀಸನಿಗೂ ಅದೇ ಸಾಕ್ಷಿ.

ಚಿಕಿತ್ಸೆ ಕಾಣದೆ ಆರೋಪಿಯು ಸತ್ತರೆ ಅವನೊಡನೆ ವಿಚಾರಣೆಯೂ ಸಾಯುವುದು. ಅವನು ನಿರಪರಾಧಿಯಾಗಿದ್ದರೆ ಕಲಂಕವು ತೊಳೆಯದು. ಅಪರಾಧಿಯಾಗಿದ್ದರೆ ನೊಂದವರಿಗೆ ತೀರ್ಪು ದೊರೆಯದು. ಹಿಡಿಯುವುದು ಪೋಲೀಸರ ಕೆಲಸ, ದಂಡಿಸುವುದು ನ್ಯಾಯಾಸನದ ಕೆಲಸ. ನಡುವೆ ವೈದ್ಯನಿಗೆ ದಾರಿ ಬಿಡಲಿ. ಇದು ದಯೆಯ ಮಾತಲ್ಲ, ನ್ಯಾಯದ ಮಾತು.