ಬೆಣ್ಣೆಯ ಬೆಲೆ

ಹಾಲು, ತುಸು ಹೆಪ್ಪು, ಒಂದು ಕಡೆಗೋಲು: ಬೆಣ್ಣೆಗೆ ಬೇಕಾದುದು ಇಷ್ಟೇ. ಆದರೆ ಸಾಮಗ್ರಿ ಕಡಿಮೆಯಾದಷ್ಟೂ ಎಚ್ಚರ ಹೆಚ್ಚಬೇಕು. ಮಸಾಲೆ ಬೆರೆತ ಅಡುಗೆಯಲ್ಲಿ ಸಣ್ಣ ದೋಷ ಮರೆಯಾದೀತು, ಬೆಣ್ಣೆಯಲ್ಲಿ ಮರೆಯಾಗದು. ಪಾತ್ರೆ ಶುಚಿಯಾಗಿಲ್ಲದಿದ್ದರೆ, ಮೊಸರು ಅತಿಯಾಗಿ ಹುಳಿಯಾಗಿದ್ದರೆ, ರುಚಿಯೇ ಅದನ್ನು ಸಾರುತ್ತದೆ.

ಮೊಸರನ್ನು ಕಡೆಯುವಾಗ ಕೊಬ್ಬಿನ ಕಣಗಳನ್ನು ಆವರಿಸಿದ ತೆಳುಪೊರೆ ಹರಿದು, ಅವು ಒಂದಕ್ಕೊಂದು ಕೂಡಿ ಬೆಣ್ಣೆಯಾಗಿ ತೇಲುತ್ತವೆ. ಸೆಕೆಯಲ್ಲಿ ಕಡೆದರೆ ಬೆಣ್ಣೆ ಮೆತ್ತಗಾಗಿ ಸರಿಯಾಗಿ ಕೂಡದು. ಆದುದರಿಂದಲೇ ಮುಂಜಾನೆಯ ತಂಪಿನಲ್ಲಿ ಕಡೆಯುವ ರೂಢಿ ಬೆಳೆಯಿತು. ತೆಗೆದ ಬೆಣ್ಣೆಯನ್ನು ತಣ್ಣೀರಿನಲ್ಲಿ ತೊಳೆದು ಮಜ್ಜಿಗೆಯ ಅಂಶವನ್ನು ಹೋಗಲಾಡಿಸಿದರೆ ಅದು ಬೇಗ ಕೆಡದು.

ಹಳದಿ ಬೆಣ್ಣೆಯೇ ಶ್ರೇಷ್ಠವೆಂಬ ನಂಬಿಕೆ ಸರಿಯಲ್ಲ. ಹಸುವಿನ ಹಾಲಿನಲ್ಲಿರುವ ಕ್ಯಾರೋಟಿನ್ ಹಳದಿ ಛಾಯೆ ನೀಡುತ್ತದೆ. ಎಮ್ಮೆಯ ಬೆಣ್ಣೆ ಸಹಜವಾಗಿಯೇ ಬಿಳಿ. ಬಿಳುಪನ್ನು ಸೂಚಿಸುವ ‘ಬೆಳ್’, ತುಪ್ಪವೆಂಬ ಅರ್ಥದ ‘ನೆಯ್’ ಕೂಡಿಯೇ ‘ಬೆಣ್ಣೆ’ ಎಂಬ ಪದವಾಗಿದೆ.

ಕೊಳ್ಳುವವರು ಬಣ್ಣಕ್ಕೆ ಬೆಲೆ ಕಟ್ಟಿದರೆ, ಬಣ್ಣ ಬೆರೆಸಿದವನ ಸರಕು ಬೇಗ ಮಾರಾಟವಾಗುತ್ತದೆ. ಶುಚಿಯಾಗಿ ಕಡೆದು ತಂದ ಹಳ್ಳಿಯ ಹೆಣ್ಣುಮಗಳ ಬೆಣ್ಣೆ ಸಂತೆಯಲ್ಲಿ ಹಾಗೆಯೇ ಉಳಿಯುತ್ತದೆ. ಪರಿಮಳವನ್ನೂ ರುಚಿಯನ್ನೂ ಅರಿತು ಕೊಳ್ಳುವುದು ಕೇವಲ ನಾಲಗೆಯ ಚಪಲವಲ್ಲ. ಪ್ರಾಮಾಣಿಕ ದುಡಿಮೆಗೆ ಸಲ್ಲಬೇಕಾದ ನ್ಯಾಯ.