ಕಾಡ್ಗಿಚ್ಚು: ಆರೋಪಿ ಪ್ರಕೃತಿಯೊಂದೇ ಅಲ್ಲ

ಕಾಡ್ಗಿಚ್ಚನ್ನು ಪ್ರಕೃತಿ ವಿಕೋಪಗಳ ಪಟ್ಟಿಗೆ ಸೇರಿಸಿ ಕೈ ತೊಳೆದುಕೊಳ್ಳುವುದು ಸರಕಾರಗಳಿಗೂ ಕಂಪೆನಿಗಳಿಗೂ ಅನುಕೂಲಕರ. ಪ್ರಕೃತಿಯ ಮೇಲೆ ಯಾರೂ ಮೊಕದ್ದಮೆ ಹೂಡಲಾರರು. ಆದರೆ 2018ರ ನವೆಂಬರ್ 8ರಂದು ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊತ್ತಿಕೊಂಡ ಬೆಂಕಿಯು ಈ ವಾದವನ್ನು ಸುಳ್ಳಾಗಿಸಿತು. ಪ್ಯಾರಡೈಸ್ ಎಂಬ ಪಟ್ಟಣವನ್ನೇ ನುಂಗಿದ ಆ ಬೆಂಕಿಗೆ 85 ಮಂದಿ ಬಲಿಯಾದರು. 18 ಸಾವಿರಕ್ಕೂ ಅಧಿಕ ಕಟ್ಟಡಗಳು ನಾಶವಾದವು. ಒಂದೂವರೆ ಲಕ್ಷ ಎಕರೆಗೂ ಮಿಕ್ಕಿದ ಪ್ರದೇಶ ಸುಟ್ಟುಹೋಯಿತು.

ಈ ಬೆಂಕಿ ಸಿಡಿಲಿನಿಂದ ಹುಟ್ಟಿದ್ದಲ್ಲ. ಸುಮಾರು ಒಂದು ಶತಮಾನದಷ್ಟು ಹಳೆಯದಾದ ವಿದ್ಯುತ್ ಮಾರ್ಗದಲ್ಲಿ ಸವೆದುಹೋಗಿದ್ದ ಒಂದು ಕಬ್ಬಿಣದ ಕೊಕ್ಕೆ ಮುರಿಯಿತು. ತಂತಿ ಜೋತುಬಿದ್ದು ಕಿಡಿ ಹಾರಿತು. ಕೆಳಗೆ ಮಳೆ ಕಾಣದೆ ಒಣಗಿದ್ದ ಹುಲ್ಲು, ಮೇಲೆ ಬಿರುಗಾಳಿ. ಮಾರ್ಗದ ಒಡೆಯನಾದ ಪಿಜಿ ಆ್ಯಂಡ್ ಇ ಕಂಪೆನಿಯು 2020ರಲ್ಲಿ 84 ಮಂದಿಯ ಸಾವಿನ ಹೊಣೆಯನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಸಂತ್ರಸ್ತರಿಗಾಗಿ ಪರಿಹಾರ ನಿಧಿ ಸ್ಥಾಪನೆಯಾಯಿತು, ನಿಜ. ಆದರೆ ಆ ಅಪರಾಧಕ್ಕೆ ವಿಧಿಸಲಾದ ದಂಡ ಸುಮಾರು 35 ಲಕ್ಷ ಡಾಲರ್ ಮಾತ್ರ. ಕಂಪೆನಿಯ ಯಾವ ಅಧಿಕಾರಿಯೂ ಸೆರೆಮನೆಗೆ ಹೋಗಲಿಲ್ಲ.

ಬೆಂಕಿ ಆರಿದ ಮೇಲೆ ಕಂಡ ದೃಶ್ಯ ಇನ್ನಷ್ಟು ವಿಚಿತ್ರವಾಗಿತ್ತು. ಮನೆಗಳು ಬೂದಿಯಾಗಿದ್ದವು, ಪಕ್ಕದಲ್ಲೇ ಪೈನ್ ಮರಗಳು ಹಸಿರಾಗಿ ನಿಂತಿದ್ದವು. ಕಾರಣ ಸ್ಪಷ್ಟ. ಮನೆಯನ್ನು ಸುಡಲು ಜ್ವಾಲೆಯ ಗೋಡೆಯೇ ಬರಬೇಕೆಂದಿಲ್ಲ. ಗಾಳಿಯಲ್ಲಿ ತೇಲಿಬರುವ ಕೆಂಡದ ಚೂರುಗಳು ಸೂರಿನ ಗಾಳಿಕಿಂಡಿಯೊಳಗೆ ನುಗ್ಗಿದರೆ, ಛಾವಣಿಯ ಮೇಲಿನ ಒಣ ಎಲೆಗೆ ತಗುಲಿದರೆ ಸಾಕು. ಆನಂತರ ಒಂದು ಮನೆಯೇ ಮುಂದಿನ ಮನೆಗೆ ಕೊಳ್ಳಿಯಾಗುತ್ತದೆ. ಅಂದರೆ ಮನೆಯ ಭವಿಷ್ಯವನ್ನು ದೂರದ ಕಾಡಿಗಿಂತ ಅದರ ಛಾವಣಿ ಮತ್ತು ಅಂಗಳಗಳೇ ಹೆಚ್ಚು ನಿರ್ಧರಿಸುತ್ತವೆ.

ಮರದ ಸಂಗತಿಯೂ ಹೀಗೆಯೇ. ದಪ್ಪ ತೊಗಟೆಯ ಮರಗಳು ನೆಲದ ಮೇಲೆ ಬೇಗನೆ ಹರಿದುಹೋಗುವ ಸಣ್ಣ ಬೆಂಕಿಯನ್ನು ತಾಳಿಕೊಳ್ಳುತ್ತವೆ. ಆದರೆ ಹೊತ್ತಿದ ಪ್ರತಿಯೊಂದು ಬೆಂಕಿಯನ್ನೂ ಮರುದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ನಂದಿಸಬೇಕೆಂಬ ನೀತಿಯನ್ನು ಅಮೇರಿಕದ ಅರಣ್ಯ ಇಲಾಖೆ 1935ರಲ್ಲಿ ತಂದಿತು. ಇಂತಹ ನೀತಿಯಿಂದ ದಶಕಗಳ ಕಾಲ ಕಾಡಿನಲ್ಲಿ ಒಣ ಕಸ ಶೇಖರವಾಯಿತು. ಸಣ್ಣ ಬೆಂಕಿಗೆ ಅವಕಾಶ ನೀಡದವರು ದೊಡ್ಡ ಬೆಂಕಿಗೆ ಸೌದೆ ಒಟ್ಟಿದಂತಾಯಿತು.

ಅಂತಹ ಉಗ್ರ ಬೆಂಕಿ ಮಣ್ಣನ್ನೂ ಬಿಡುವುದಿಲ್ಲ. ಮೇಲ್ಪದರದ ಸಾವಯವ ಅಂಶ ಉರಿದು ಆವಿಯಾಗಿ ಕೆಳಗಿಳಿದು, ಮಣ್ಣಿನ ಕಣಗಳಿಗೆ ಮೇಣದಂತೆ ಅಂಟಿಕೊಳ್ಳುತ್ತದೆ. ಆಮೇಲೆ ಮಳೆನೀರು ಇಂಗುವುದಿಲ್ಲ, ಹಿಡಿದಿಡಲು ಬೇರುಗಳೂ ಇರುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತ್ತೊಂದೆಡೆ ಬೆಂಕಿಗೆ ಬೋಳಾದ ಬೆಟ್ಟಗಳಿಂದ 2018ರ ಜನವರಿ 9ರ ಮಳೆಗೆ ಕೆಸರಿನ ಪ್ರವಾಹ ಇಳಿದು, ಮಾಂಟೆಸಿಟೊ ಎಂಬಲ್ಲಿ 23 ಮಂದಿಯನ್ನು ಬಲಿ ಪಡೆಯಿತು.

ಇದು ಅಮೇರಿಕದ ಕಥೆ ಮಾತ್ರವೇ? ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ಒಣ ಎಲೆಗಳಿಗೆ ಹಗುರವಾಗಿ ಹಚ್ಚುತ್ತಿದ್ದ 'ತರಗು ಬೆಂಕಿ'ಯನ್ನು ವನ್ಯಜೀವಿ ಕಾನೂನುಗಳು ಅಪರಾಧವಾಗಿಸಿದವು. ಲಂಟಾನ ಪೊದೆಗಳು ಕಾಡನ್ನು ಆವರಿಸಲು ಇದೂ ಒಂದು ಕಾರಣವೆಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಅಲ್ಲೂ ಒಣಗಿದ ಲಂಟಾನವೇ ಬೆಂಕಿಗೆ ಆಹಾರವಾಯಿತು. ಹಾಗೆಂದು ಯಾರು ಬೇಕಾದರೂ ಕಾಡಿಗೆ ಬೆಂಕಿಯಿಡಬಹುದೆಂದಲ್ಲ. ಯಾವಾಗ, ಎಲ್ಲಿ, ಎಷ್ಟು ಎಂಬ ಅರಿವು ತಲೆಮಾರುಗಳಿಂದ ಯಾರಲ್ಲಿದೆಯೋ ಅವರ ಮಾತಿಗೆ ಕಿವಿಗೊಡಬೇಕು ಎಂದಷ್ಟೇ.

ಕಾಡು ಉರಿದಾಗಲೆಲ್ಲ ಸಂಶಯದ ಬೆರಳು ಮೊದಲು ಕುರಿಗಾಹಿಯತ್ತ, ಆದಿವಾಸಿಯತ್ತ ಚಾಚುತ್ತದೆ. ಕೊಕ್ಕೆ ಬದಲಿಸದ ಕಂಪೆನಿ, ಕಸ ಬೆಳೆಸಿದ ನೀತಿ, ಕಾಡಂಚಿನಲ್ಲಿ ಬೇಕಾಬಿಟ್ಟಿ ಕಟ್ಟಡಕ್ಕೆ ಪರವಾನಗಿ ನೀಡಿದ ಅಧಿಕಾರಿ ಇವರತ್ತ ಅದು ಹೊರಳುವುದು ಯಾವಾಗ? ದುರ್ಬಲನಿಗೆ ಕಾನೂನು, ಪ್ರಬಲನಿಗೆ 'ಪ್ರಕೃತಿ ವಿಕೋಪ'ದ ವಿನಾಯಿತಿ ಎಂಬ ನ್ಯಾಯವಿರುವ ತನಕ ಬೆಂಕಿ ನಂದಿದರೂ ಅದರ ಕಾರಣ ಉರಿಯುತ್ತಲೇ ಇರುತ್ತದೆ.